ವೈನಿಯ ಆಟದ ಕೈ

ನಮ್ಮ ವೈನಿಯ, ಅಂದರೆ ಅಣ್ಣನ ಹೆಂಡತಿಯ, ಎಡಗೈ ಹೆಬ್ಬೆರಳಿನ ತುದಿಯಲ್ಲಿ ಗಟ್ಟಿಯಾದ ಒಂದು ಜಡ್ಡು ಇತ್ತು. ಹುಣಸೆ ಬೀಜದಷ್ಟು ಅಗಲ, ಮುಟ್ಟಿದರೆ ನುಣುಪು. ರೊಟ್ಟಿ ಬಡಿಯುವವರಿಗೆ ಅಂಗೈಯಲ್ಲಿ ಜಡ್ಡು ಬೀಳುತ್ತದೆ, ಕುಡಗೋಲು ಹಿಡಿಯುವವರಿಗೆ ಬೆರಳಿನ ಬುಡದಲ್ಲಿ ಬೀಳುತ್ತದೆ. ಹೆಬ್ಬೆರಳಿನ ತುದಿಗೆ ಜಡ್ಡು ಕಟ್ಟಿಸುವ ಕೆಲಸ ಯಾವುದೆಂದು ನಮ್ಮ ಅವ್ವನಿಗೆ ತಿಳಿಯಲಿಲ್ಲ. ಅಣ್ಣನಿಗೆ ಹೆಣ್ಣು ನೋಡಲು ಕಣಗಲಾಕ್ಕೆ ಹೋದ ದಿನವೇ ಅವಳು ಆ ಕೈ ಹಿಡಿದು ಕೇಳಿಬಿಟ್ಟಳು.

"ಇದೇನವ್ವಾ ಇದು? ಬೆಂಕಿ ಗಿಂಕಿ ತಾಗಿತ್ತೇನ?"

"ಇಲ್ರೀ. ಗೇಮ್ ಆಡಿ ಆಡಿ ಬಿದ್ದೈತ್ರಿ."

ಅವ್ವ ಅದನ್ನು ಖೋಖೋ ಇರಬೇಕೆಂದುಕೊಂಡು, ಹುಡುಗಿ ಗಟ್ಟಿಮುಟ್ಟಾಗಿದ್ದಾಳೆ, ಕುರಿಯ ಹಿಂದೆ ಓಡುತ್ತಾಳೆ ಎಂದು ಖುಷಿಯಿಂದ ಒಪ್ಪಿದಳು. ನಮ್ಮದು ತುಕ್ಕಾನಟ್ಟಿಯ ಕಡೆಯ ಕುರಿಗಾರರ ಮನೆ. ಅಣ್ಣನ ಮದುವೆಯಾಗಿ ವೈನಿಯ ಪೆಟ್ಟಿಗೆ ಬಿಚ್ಚಿದಾಗ ಕೌದಿಯಲ್ಲಿ ಸುತ್ತಿದ ಕರೀ ಡಬ್ಬಿಯೊಂದು ಹೊರಬಂತು. ಅವ್ವ ಮಿಕ್ಸರ್ ಬಂತೆಂದು ಅಡುಗೆಮನೆಯಲ್ಲಿ ಜಾಗ ಮಾಡಿದಳು. ಅದು ಟಿವಿಗೆ ಹಚ್ಚಿ ಆಡುವ ವಿಡಿಯೋ ಗೇಮಿನ ಮಷೀನು ಎಂದು ತಿಳಿದ ಮೇಲೆ ಅತ್ತೆ ಸೊಸೆಯ ನಡುವೆ ಶುರುವಾದ ಗುದ್ದಾಟ ವರ್ಷಗಟ್ಟಲೆ ನಡೆಯಿತು.

ಈಗ ಗೋಕಾಕದಲ್ಲಿ ನನ್ನದೇ ಒಂದು ಅಂಗಡಿಯಿದೆ. ಮೊಬೈಲು, ಹೆಡ್‌ಫೋನು, ಗೇಮ್ ಕಂಟ್ರೋಲರು ಮಾರುತ್ತೇನೆ. ಯಾವ ಮಷೀನು ಒಳ್ಳೆಯದು, ಯಾವುದು ಬರೀ ಬಣ್ಣದ ಡಬ್ಬಿ ಎಂದು ಗಿರಾಕಿಗಳ ಮುಖಕ್ಕೇ ಹೇಳುತ್ತೇನೆ, ಅದಕ್ಕೇ ನನ್ನ ಬಾಯಿ ಜೋರೆಂದು ಹೆಸರಾಗಿದೆ. ಈ ಬಾಯಿ ನನ್ನದು, ಆದರೆ ಕಣ್ಣು ವೈನಿಯದು. ಅವರ ಅಣ್ಣನಿಗೆ ಕಣಗಲಾದ ಹೆದ್ದಾರಿಯ ಹತ್ತಿರ ಹಳೆಯ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಯಿತ್ತು. ಕೊಲ್ಲಾಪುರದ ಕಡೆಯಿಂದ ಬರುತ್ತಿದ್ದ ಹಳೆ ಗೇಮ್ ಮಷೀನುಗಳನ್ನು ಆಡಿ ನೋಡಿ ಇದು ಸರಿ, ಇದು ಕೆಟ್ಟಿದೆ ಎಂದು ಹೇಳುವುದೇ ವೈನಿಯ ಹುಡುಗಿತನದ ಕೆಲಸವಾಗಿತ್ತು. ಆಡುವುದನ್ನೇ ಕೆಲಸವೆಂದು ಕೊಟ್ಟರೆ ಯಾರು ತಾನೇ ಬಿಡುತ್ತಾರೆ?

ಹೊಸ ಕಂಟ್ರೋಲರ್ ಕೈಗೆ ಕೊಟ್ಟರೆ ವೈನಿ ಡಬ್ಬಿಯ ಮೇಲೆ ಬರೆದದ್ದನ್ನು ಓದುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು ಹಿಡಿಯುತ್ತಿದ್ದರು. ಒಂದೊಂದೇ ಗುಂಡಿ ಒತ್ತಿ ಸದ್ದು ಕೇಳುತ್ತಿದ್ದರು. ಹೆಬ್ಬೆರಳಿನಿಂದ ಜಾಯ್‌ಸ್ಟಿಕ್ಕಿನ ಕಡ್ಡಿಯನ್ನು ಸುತ್ತಲೂ ತಿರುಗಿಸಿ, ಬಿಟ್ಟಾಗ ಅದು ನಡುವಿಗೇ ಬಂದು ನಿಲ್ಲುತ್ತದೆಯೇ ಎಂದು ನೋಡುತ್ತಿದ್ದರು. "ಬಿಟ್ಟ ಮ್ಯಾಲ ಮನೀಗೆ ಬರಬೇಕ ತಂಗಿ, ಅಡ್ಡಾಡಕೋತ ನಿಂದ್ರಬಾರದು" ಎನ್ನುತ್ತಿದ್ದರು. ಕಡ್ಡಿಯ ಮಾತು ಅದು; ತಿಂಗಳುಗಟ್ಟಲೆ ಕುರಿಯ ಹಿಂದೆ ಊರೂರು ತಿರುಗುವ ಗಂಡನನ್ನೂ ಅದರಲ್ಲೇ ಚುಚ್ಚುತ್ತಿದ್ದರೆಂದು ನನಗೆ ಗುಮಾನಿ. ಮೊಬೈಲಿನಲ್ಲಿ ಆಡುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಗಾಜಿನ ಮ್ಯಾಲ ಬೆರಳ ತಿಕ್ಕೂದು ಆಟ ಏನ? ಅದು ಕನ್ನಡಿ ಒರಸೂದು" ಅನ್ನುವರು. ವೈರ್ ಇಲ್ಲದ ಕಂಟ್ರೋಲರ್ ಎಂದರೂ ಅಷ್ಟಕ್ಕಷ್ಟೇ. ನಾನು ಹೊಸತು ಕಂಡದ್ದಕ್ಕೆಲ್ಲ ಮರುಳಾಗುವವಳು, ಹಾಗಾಗಿ ನಮ್ಮಿಬ್ಬರ ಜಗಳವೂ ದಿನಾ ಇದ್ದದ್ದೇ.

ಅಣ್ಣ ಮನೆಯಲ್ಲಿದ್ದಾಗ ವೈನಿಯ ಹಿಂದೆ ಗೋಡೆಗೆ ಆತುಕೊಂಡು ಕೂತು ನೋಡುತ್ತಿದ್ದ. ಕಾರ್ ರೇಸಿನ ಆಟ ಶುರುವಾಗುವ ಮುಂಚೆ, ದೀಪ ಹಸಿರಾಗಲು ಕಾಯುವ ಹೊತ್ತಿನಲ್ಲಿ, ವೈನಿ ತಮ್ಮ ಕಾರಿನ ಮೂತಿಯನ್ನು ಎಡಕ್ಕೂ ಬಲಕ್ಕೂ ಸುಮ್ಮನೆ ಆಡಿಸುತ್ತಿದ್ದರು. ಅದು ಅವರ ಚಟ. ಅಣ್ಣ ನಗುತ್ತಿದ್ದ.

"ನಿಂದು ನಮ್ಮ ಟಗರಿನ ಬುದ್ಧಿ ನೋಡು. ಡಿಕ್ಕಿ ಹೊಡ್ಯೂ ಮುಂದ ತಲಿ ಆಡಸ್ತೈತಿ."

"ಆಡಸ್ಲಿ ಬಿಡ್ರಿ. ಡಿಕ್ಕಿ ತಪ್ಪಲಿಲ್ಲಂದ್ರ ಸಾಕು."

ಈ ಮಾತುಗಳನ್ನೆಲ್ಲ ಹಾಯಾಗಿ ಬರೆಯುತ್ತಿದ್ದೇನೆ. ಆದರೆ ವೈನಿಯನ್ನು ನೆನೆದಾಗ ನನ್ನ ಕಣ್ಣ ಮುಂದೆ ಮೊದಲು ಬರುವುದು ಟಿವಿಯ ಮುಂದೆ ಕೂತವರಲ್ಲ. ಹೊಳೆಯ ದಂಡೆಯ ಕೆಸರಿನಲ್ಲಿ ನಿಂತವರು. ಆ ದಿನ ಅವರ ಹೆಬ್ಬೆರಳು ಸ್ವಲ್ಪ ತಪ್ಪಿದ್ದರೆ ಇವತ್ತು ನನಗೆ ಅಣ್ಣನಿರುತ್ತಿರಲಿಲ್ಲ.

ನಮ್ಮೂರ ಹೊಳೆಯ ನಡುವೆ ಒಂದು ನಡುಗಡ್ಡೆಯಿದೆ. ನೀರು ಕಡಿಮೆಯಿದ್ದಾಗ ಕುರಿಗಳನ್ನು ಅಲ್ಲಿಗೆ ದಾಟಿಸಿ ಬಿಡುತ್ತಾರೆ, ಹುಲ್ಲು ಒಳ್ಳೆಯದು. ಆ ಸಲದ ಮಳೆಗಾಲದಲ್ಲಿ ಅಣ್ಣ ಹಾಗೆ ದಾಟಿದ್ದ. ನಮ್ಮಲ್ಲಿ ಮಳೆ ನಿಂತಿತ್ತು, ಆದರೆ ಮೇಲಿನ ಸೀಮೆಯಲ್ಲಿ ನಿಂತಿರಲಿಲ್ಲ. ಬೆಳಗಾಗುವಷ್ಟರಲ್ಲಿ ಹೊಳೆ ಬಣ್ಣ ಬದಲಿಸಿ ಏರತೊಡಗಿತು. ನಾವು ದಂಡೆಗೆ ಓಡಿದಾಗ ಅಣ್ಣ ನಡುಗಡ್ಡೆಯ ಈಚೆಯ ತುದಿಯಲ್ಲಿ ಕುರಿಗಳ ನಡುವೆ ಕಂಬಳಿ ಹೊದ್ದು ನಿಂತಿದ್ದ. ಮೊಬೈಲು ಹತ್ತುತ್ತಿರಲಿಲ್ಲ. ದೋಣಿಗಳೆಲ್ಲ ಗೋಕಾಕದ ಕಡೆ, ನೀರು ಹೊಕ್ಕ ಮನೆಗಳ ಜನರನ್ನು ತೆಗೆಯಲು ಹೋಗಿದ್ದವು. ಸಂಜೆಯೊಳಗೆ ಒಂದು ಬರುತ್ತದೆ ಎಂಬ ಮಾತು ಬಂತು.

ಮೂಡಲಗಿಯ ಫೋಟೋ ಸ್ಟುಡಿಯೋದವರೊಬ್ಬರು ನೆರೆಯ ಚಿತ್ರ ತೆಗೆಯಲು ಬಂದಿದ್ದರು. ಮದುವೆಗಳಲ್ಲಿ ತಲೆಯ ಮೇಲೆ ಗುಂಯ್ ಎಂದು ಹಾರಿಸುವ ಡ್ರೋನು ಅವರ ಹತ್ತಿರ ಇತ್ತು. ವೈನಿ ನೇರ ಹೋಗಿ, ನಮ್ಮ ಮನೆಯವರು ಅಲ್ಲಿ ಸಿಕ್ಕಿಬಿದ್ದಿದ್ದಾರೆ, ಒಮ್ಮೆ ಹಾರಿಸಿ ತೋರಿಸಿ ಎಂದು ಕೇಳಿದರು. ಅವರು ಮರುಮಾತಾಡದೆ ಹಾರಿಸಿದರು. ಕಂಟ್ರೋಲರಿಗೆ ಸಿಕ್ಕಿಸಿದ ಮೊಬೈಲಿನ ಮೇಲೆ ನಾವೆಲ್ಲ ಬಗ್ಗಿದೆವು.

ಅಣ್ಣ ನಿಂತಿದ್ದ ತುದಿ ತಗ್ಗಿನಲ್ಲಿತ್ತು. ನಡುಗಡ್ಡೆಯ ಆಚೆಯ ಕಡೆ ಹಳೆಯ ಬೇವಿನ ಮರವಿರುವ ದಿಬ್ಬವೊಂದೇ ಎತ್ತರದ ಜಾಗ. ಅದಕ್ಕೂ ಇವನಿಗೂ ನಡುವೆ, ಜಾಲಿ ಕಂಟಿಗಳ ಪೊದೆಯ ಹಿಂದೆ, ಹೊಳೆ ಹೊಸದಾಗಿ ಒಂದು ಹಳ್ಳ ಕೊರೆಯುತ್ತಿತ್ತು. ಸದ್ಯಕ್ಕೆ ಅಲ್ಲಿ ಮೊಣಕಾಲ ನೀರಿದ್ದಂತಿತ್ತು. ಅದು ತುಂಬಿದರೆ ದಿಬ್ಬದ ದಾರಿ ಮುಗಿಯಿತು. ಅಣ್ಣನಿಗೆ ಕಂಟಿಗಳ ಆಚೆಯದು ಕಾಣುತ್ತಿರಲಿಲ್ಲ. ಅವನು ಆ ತುದಿಯಲ್ಲೇ ನಿಂತಿದ್ದು ಯಾಕೆಂದರೆ ಅಲ್ಲಿಂದ ನಾವು ಕಾಣುತ್ತಿದ್ದೆವು!

ದಂಡೆಯ ಜನರೆಲ್ಲ ಮೇಲೆ ಹೋಗು, ಮೇಲೆ ಹೋಗು ಎಂದು ಕೈ ಬೀಸಿ ಕೂಗಿದರು. ಹೊಳೆಯ ಸದ್ದಿನಲ್ಲಿ ಏನು ಕೇಳಬೇಕು? ಅಣ್ಣನೂ ಕೈಯೆತ್ತಿ ಬೀಸಿದ, ನಾನು ಆರಾಮಿದ್ದೇನೆ ಎಂಬಂತೆ. ಅದನ್ನು ನೋಡಿ ಸಿಟ್ಟಿನಿಂದಲೇ ನನಗೆ ಅಳು ಬಂತು. ಕುರಿಗಳನ್ನು ಬಿಟ್ಟು ಅವನೊಬ್ಬನೇ ಎಲ್ಲಿಗೂ ಹೋಗುವವನಲ್ಲ ಎಂಬುದು ನಮಗೆ ಗೊತ್ತಿತ್ತು. ನಮ್ಮ ಮನೆಯ ಗಂಡಸರಲ್ಲಿ ಹಾಗೆ ಯಾರೂ ಮಾಡಿಲ್ಲ.

ಅದರಿಂದಲೇ ಅಣ್ಣನಿಗೆ ದಿಬ್ಬದ ದಾರಿ ತೋರಿಸೋಣವೆಂದು ಸ್ಟುಡಿಯೋದವರು ಡ್ರೋನನ್ನು ವಾಪಸು ತಂದು ಬ್ಯಾಟರಿ ಬದಲಿಸಿದರು. ಅದೇ ಕೊನೆಯದು. ಗಾಳಿ ಎದ್ದಿತ್ತು, ಸಣ್ಣಗೆ ಹನಿಯುತ್ತಿತ್ತು. ಅವರು ಆಕಾಶ ನೋಡಿ, ಕಂಟ್ರೋಲರನ್ನು ಎದೆಗೆ ಹಿಡಿದು ನಿಂತುಬಿಟ್ಟರು.

"ಇಷ್ಟ ಗಾಳ್ಯಾಗ ನಾ ಎಂದೂ ಹಾರಿಸಿಲ್ರಿ ಅಕ್ಕಾರ. ಇದು ಹೊಳ್ಯಾಗ ಬಿದ್ರ ಆಮ್ಯಾಲ ಅವ್ರ ಕಡಿದು ಏನೂ ಕಾಣೂದಿಲ್ಲ ನೋಡ್ರಿ."

"ಕೊಡ್ರಿ ಇಲ್ಲೆ," ಎಂದರು ವೈನಿ.

"ಇದು ಆಟ ಅಲ್ರೀ."

"ಗೊತ್ತೈತ್ರಿ. ಅಲ್ಲಿ ನಿಂತಾಂವ ನನ್ನ ಗಂಡ."

ಅವರು ಕೊಟ್ಟರು. ಎಡಗಡೆಯ ಕಡ್ಡಿ ಏರಿಸಲು, ಇಳಿಸಲು, ತಿರುಗಿಸಲು. ಬಲಗಡೆಯದು ಹಿಂದೆ ಮುಂದೆ, ಅಕ್ಕಪಕ್ಕ ಹೋಗಲು ಎಂದು ಹೇಳಿಕೊಟ್ಟರು. ವೈನಿ ಕಣ್ಣು ಮುಚ್ಚಿ ಎರಡೂ ಕಡ್ಡಿಗಳನ್ನು ಸುತ್ತ ತಿರುಗಿಸಿ ಬಿಟ್ಟು ನೋಡಿದರು. ಅಷ್ಟರಲ್ಲಿ ಅವ್ವ ಮನೆಯಿಂದ ಏದುಸಿರು ಬಿಡುತ್ತ ಬಂದಳು. ಕೈಯಲ್ಲಿ ಭಂಡಾರದ ಚೀಲ. ನಮ್ಮವರು ಕುರಿ ಹೊರಡಿಸುವಾಗ, ಹೊಸ ಗಾಡಿ ತಂದಾಗ, ಯಾವ ಕೆಲಸಕ್ಕೂ ಮೊದಲು ದೇವರ ಹೆಸರಿನಲ್ಲಿ ಈ ಅರಿಶಿನದ ಪುಡಿ ಎರಚುತ್ತಾರೆ. ಯಾವ ಮಷೀನನ್ನೂ ಜನ್ಮದಲ್ಲಿ ನಂಬದ ಅವ್ವ ಅವತ್ತು ಆ ಡ್ರೋನಿನ ಮೇಲೆ ಮುಷ್ಟಿ ತುಂಬ ಭಂಡಾರ ಹಾಕಿ, "ನನ್ನ ಮಗನ್ನ ಕರ್ಕೊಂಡ ಬಾರೋ ಯಪ್ಪಾ" ಎಂದು ಅದಕ್ಕೇ ಕೈ ಮುಗಿದಳು. ಬೇಡವೆನ್ನುವ ಧೈರ್ಯ ಯಾರಿಗಿತ್ತು?

ಡ್ರೋನು ಎದ್ದಿತು. ಮೊಬೈಲಿನಲ್ಲಿ ನೋಡಿದರೆ ಇಡೀ ಹೊಳೆ ಹಳದಿ. ಕ್ಯಾಮೆರಾದ ಗಾಜಿನ ಮೇಲೆ ಕೂತ ಭಂಡಾರ ಹನಿಗೆ ನೆನೆದು ಅಂಟಿಕೊಂಡಿತ್ತು. ಕಂಟಿ ಯಾವುದು, ನೀರು ಯಾವುದು ಎಂದು ಗುರುತು ಹತ್ತುತ್ತಿರಲಿಲ್ಲ. ಸ್ಟುಡಿಯೋದವರು ನನ್ನ ಮುಖ ನೋಡಿದರು, ನಾನು ವೈನಿಯ ಮುಖ ನೋಡಿದೆ. ಹಿಂದಕ್ಕೆ ತಂದು ಒರೆಸಿದರೆ ಬ್ಯಾಟರಿ ಸಾಲುವುದಿಲ್ಲ. ವೈನಿ ಹಲ್ಲು ಕಚ್ಚಿ ಮುಂದಕ್ಕೇ ಒಯ್ದರು.

ಮಬ್ಬಿನಲ್ಲಿ ಕರೀ ಚುಕ್ಕೆಗಳು ಕಂಡವು, ನಮ್ಮ ಕುರಿಗಳು. ಎಷ್ಟು ಎತ್ತರದಲ್ಲಿದ್ದೇವೆಂದು ತಿಳಿಯದೆ ವೈನಿ ಇನ್ನೂ ಕೆಳಗಿಳಿಸಿದರು. ತೀರ ಇಳಿಯಿತು. ಆ ಗುಂಯ್ ಸದ್ದಿಗೆ ಕುರಿಗಳು ಬೆದರಿ ಒಮ್ಮೆಲೇ ಎದ್ದು ನೀರಿನ ಕಡೆ ಓಡಿದವು. ಅಂಚಿನಲ್ಲಿದ್ದ ಕೆಲವು ಚುಕ್ಕೆಗಳು ಹಳದಿಯೊಳಗೆ ಜಾರಿ ಹೋದವು. ಅಣ್ಣ ಅವುಗಳ ಹಿಂದೆ ಓಡಿ ಅಂಚಿನಲ್ಲಿ ಬಿದ್ದದ್ದು ದಂಡೆಯಿಂದ ಬರಿಗಣ್ಣಿಗೇ ಕಂಡಿತು. ಜನ ಹೋ ಎಂದರು.

"ಏನಾತವ್ವಾ? ಏನಾತ?" ಎಂದು ಅವ್ವ ಹಿಂದಿನಿಂದ ಕಿರುಚಿದಳು.

ಗಾಜಿನ ಮೇಲೆ ಭಂಡಾರ ಕೂತಿದೆ ಎಂದು ನಾನು ಬಾಯಿ ತೆರೆದೆ. ವೈನಿ ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದರು.

"ಏನಿಲ್ರಿ ಅತ್ತಿ. ನನ್ನ ಕೈ ತಪ್ಪಿತು."

ಅಣ್ಣ ಎದ್ದು ನಿಂತ. ವೈನಿ ಡ್ರೋನನ್ನು ಮೇಲೇರಿಸಿದರು. ಅವರ ಉಸಿರು ನನ್ನ ಕಿವಿಗೆ ಕೇಳುತ್ತಿತ್ತು. ಆಮೇಲೆ ಮೆಲ್ಲಗೆ, ನನಗೊಬ್ಬಳಿಗೇ ಕೇಳುವಂತೆ ಹೇಳಿದರು.

"ನೋಡಿದೇನ ತಂಗಿ? ಇದಕ್ಕ ಅಂಜಿ ಓಡ್ತಾವ. ಹಂಗಾರ ನಾ ಎಲ್ಲಿ ಬ್ಯಾಡೋ ಅಲ್ಲಿ ನಿಂತ್ರ, ಎಲ್ಲಿ ಬೇಕೋ ಅಲ್ಲಿ ಹೋಗ್ತಾವ."

ಡ್ರೋನನ್ನು ಕುರಿಗಳಿಂದ ದೂರ ಸುತ್ತಿಸಿ ನಮ್ಮ ಕಡೆಯ ನೀರಿನ ಮೇಲೆ ತಂದು ನಿಲ್ಲಿಸಿದರು. ಈಗ ಅದು ನಮಗೂ ಕುರಿಗಳಿಗೂ ನಡುವೆ ಇತ್ತು. ಪರದೆಯನ್ನು ನೋಡುವುದನ್ನು ಬಿಟ್ಟು ತಲೆಯೆತ್ತಿ ಅದನ್ನೇ ನೋಡುತ್ತ ನಡೆಸಿದರು. ಒಂದು ಗಳಿಗೆ ಅಲ್ಲೇ ನಿಲ್ಲಿಸಿ, ಅದನ್ನು ಎಡಕ್ಕೂ ಬಲಕ್ಕೂ ಆಡಿಸಿದರು. ಬೇಕೆಂದು ಮಾಡಿದರೋ ಚಟಕ್ಕೆ ಬೆರಳು ಹಾಗೆ ಹೊರಳಿತೋ, ನನಗೆ ಗೊತ್ತಿಲ್ಲ. ಅಣ್ಣ ಬೀಸುತ್ತಿದ್ದ ಕೈ ಇಳಿಸಿ ಸುಮ್ಮನೆ ಅದನ್ನೇ ನೋಡಿದ. ಆಮೇಲೆ ಡ್ರೋನು ಸ್ವಲ್ಪ ಮುಂದೆ ಹೋಯಿತು. ಕುರಿಗಳು ಹಿಂದೆ ಸರಿದವು. ಇನ್ನಷ್ಟು ಹೋಯಿತು. ಅವು ಕಂಟಿಗಳ ಕಡೆ ತಿರುಗಿದವು. ಒಂದು ಮಗ್ಗುಲಿಗೆ ಚದುರಿದರೆ ವೈನಿ ಆ ಮಗ್ಗುಲಿಗೆ ಹೋಗಿ ತಡೆಯುತ್ತಿದ್ದರು, ಇನ್ನೊಂದು ಕಡೆ ಚದುರಿದರೆ ಇನ್ನೊಂದು ಕಡೆ. ಗಾಳಿ ತಳ್ಳಿದಾಗಲೆಲ್ಲ ಅವರ ಹೆಬ್ಬೆರಳು ಬಿಳಿಚಿಕೊಂಡು ಎದುರು ಒತ್ತುತ್ತಿತ್ತು. ಅಣ್ಣ ಗುಂಪಿನ ಜೊತೆ ನಡೆಯತೊಡಗಿದ.

ಕಂಟಿಗಳ ಆಚೆ ಹೋದ ಮೇಲೆ ಮತ್ತೆ ಪರದೆಯೇ ಗತಿ; ಹನಿಗೆ ಗಾಜಿನ ಮೇಲಿನ ಭಂಡಾರ ಅಷ್ಟಿಷ್ಟು ತೊಳೆದುಹೋಗಿತ್ತು. ಹಳ್ಳದ ಅಂಚಿಗೆ ಬಂದು ಕುರಿಗಳು ಗಕ್ಕನೆ ನಿಂತವು. ಕುರಿ ನೀರಿಗೆ ಕಾಲಿಡುವ ಜೀವವಲ್ಲ. ಹಿಂದೆ ಡ್ರೋನು, ಮುಂದೆ ನೀರು, ನಡುವೆ ಅವು ಒಂದರ ಮೇಲೊಂದು ಹತ್ತಿ ನೂಕಾಡಿದವು. ಅಣ್ಣನಿಗೆ ಈಗ ಹಳ್ಳ ಕಂಡಿತ್ತು. ಅವನು ಒಂದು ಎಳೆಮರಿಯನ್ನು ಹೆಗಲ ಮೇಲೆ ಹಾಕಿಕೊಂಡು ನೀರಿಗಿಳಿದ. ಮರಿ ಅರಚಿದರೆ ಅದರ ತಾಯಿ ಹಿಂದೆ ಬರುತ್ತದೆ, ತಾಯಿಯ ಹಿಂದೆ ಗುಂಪು ಬರುತ್ತದೆ. ಅಣ್ಣನಿಗೆ ಸೊಂಟದವರೆಗೆ ನೀರು ಬಂತು. ತಾಯಿಕುರಿ ಧುಮುಕಿತು, ಆಮೇಲೆ ಇನ್ನೊಂದು, ಆಮೇಲೆ ಗುಂಪಿಗೆ ಗುಂಪೇ.

ಕಂಟ್ರೋಲರು ಟೀಂ ಟೀಂ ಎಂದು ಬಡಿದುಕೊಳ್ಳಲು ಶುರುಮಾಡಿತು.

"ಬ್ಯಾಟರಿ ಮುಗ್ಯಾಕ ಬಂತ್ರಿ ಅಕ್ಕಾರ. ಈಗ ಹೊಳ್ಳಿಸಿದ್ರ ಬರ್ತೈತಿ."

"ಕಡೀ ಕುರಿ ದಾಟ್ಲಿ ತಡ್ರಿ."

ಸ್ಟುಡಿಯೋದವರು ಒಮ್ಮೆ ಕಂಟ್ರೋಲರನ್ನು, ಒಮ್ಮೆ ಹೊಳೆಯನ್ನು ನೋಡಿದರು. ಆಮೇಲೆ, "ಹೋಗ್ಲಿ ಬಿಡ್ರಿ ಮಷೀನು. ನೀವು ಅವ್ರನ್ನ ದಾಟಸ್ರಿ" ಎಂದರು. ಆ ಮನುಷ್ಯ ಈಗಲೂ ನನ್ನ ಅಂಗಡಿಗೆ ಬಂದರೆ ನಾನು ಎದ್ದು ನಿಲ್ಲುತ್ತೇನೆ.

ಗುಂಪು ದಾಟಿತು. ಹಳ್ಳದ ಈಚೆಯ ದಡದಲ್ಲಿ ಮರಿಯೊಂದು ಉಳಿದಿತ್ತು. ಮೂರ್ಖ ಅಣ್ಣ ಅದಕ್ಕಾಗಿ ಮತ್ತೆ ನೀರಿಗಿಳಿದ. ಅವನು ನಡುನೀರಿನಲ್ಲಿದ್ದಾಗ ಡ್ರೋನು ತಾನಾಗಿಯೇ ಇಳಿಯತೊಡಗಿತು. ವೈನಿ ಎಡಗಡೆಯ ಕಡ್ಡಿಯನ್ನು ಮೇಲಕ್ಕೆ ಒತ್ತಿ ಒತ್ತಿ ಹಿಡಿದರೂ ಅದು ಕೇಳಲಿಲ್ಲ. ಜಾಲಿಗಳ ಹಿಂದೆ ಮುಳುಗಿತು, ಪರದೆ ಕಪ್ಪಾಯಿತು. ಕಂಟಿಗಳ ಆಚೆ ಅಣ್ಣ ಬದುಕಿದ್ದಾನೋ ಕೊಚ್ಚಿಹೋದನೋ ತಿಳಿಯುವ ದಾರಿಯೇ ಇರಲಿಲ್ಲ.

ದೋಣಿ ಬಂದಿದ್ದು ಸಂಜೆಯ ಹೊತ್ತಿಗೆ. ಅಲ್ಲಿಯವರೆಗೂ ವೈನಿ ಕೂರಲಿಲ್ಲ, ನೀರು ಕುಡಿಯಲಿಲ್ಲ, ಕಂಟ್ರೋಲರನ್ನು ಕೈಯಿಂದ ಬಿಡಲಿಲ್ಲ. ನಾನು ತೆಗೆದುಕೊಳ್ಳಲು ಹೋದರೆ ಹೆಬ್ಬೆರಳು ಕಡ್ಡಿಯ ಮೇಲೆ ಒತ್ತಿಕೊಂಡೇ ಇತ್ತು. ಅಣ್ಣ ನಿಂತಿದ್ದ ತುದಿಯನ್ನೇ, ಬೆಳಗ್ಗೆ ಅವನು ಕೈ ಬೀಸಿದ ಜಾಗವನ್ನೇ, ನೋಡುತ್ತಿದ್ದರು. ನಾವು ನೋಡುತ್ತಿದ್ದಂತೆ ಅದು ಮುಳುಗಿತು. ಅವ್ವ ಒಂದೇ ಸಮ ದೇವರ ಹೆಸರು ಹೇಳುತ್ತಿದ್ದಳು. ನಾನು ಹೊಳೆಗೂ ದೇವರಿಗೂ ಸೇರಿಸಿ ಬೈಯುತ್ತಿದ್ದೆ.

ದೋಣಿ ಬೇವಿನ ಮರದ ದಿಬ್ಬಕ್ಕೆ ಹೋಗಿ ಮರಳಿದಾಗ ಅದರಲ್ಲಿ ಕಂಬಳಿಯಿಲ್ಲದೆ, ಮರಿಯನ್ನು ಎದೆಗವಚಿಕೊಂಡು ಅಣ್ಣ ಕೂತಿದ್ದ. ಗುಂಪು ದಿಬ್ಬದ ಮೇಲೆ ಸುರಕ್ಷಿತವಾಗಿತ್ತು, ದೋಣಿಯವರು ಅವನನ್ನು ಬಲವಂತದಿಂದ ಕೂರಿಸಿಕೊಂಡು ಬಂದಿದ್ದರು. ದಂಡೆಗೆ ಕಾಲಿಟ್ಟವನು ಅವ್ವನ ಕಡೆ ತಿರುಗುವ ಮೊದಲು ವೈನಿಯನ್ನು ನೋಡಿದ.

"ನೀನ ಅಂತ ಗೊತ್ತಾತು. ಟಗರಿನಂಗ ತಲಿ ಆಡಿಸಿದೆಲ್ಲ, ಆವಾಗ ಗೊತ್ತಾತು. ಇಕಿ ಅಟ್ಟಾಕತ್ತಾಳಂದ್ರ ಅತ್ಲಾಗ ಏನರ ಇರಬೇಕಂತ ನಡದೆ."

ವೈನಿ ಕೆಸರಿನಲ್ಲೇ ಕುಕ್ಕರಿಸಿ ಕೂತು ಹೋ ಎಂದು ಅತ್ತರು. ಅವರು ಅತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನೀರಿಗೆ ಹೋದವುಗಳಲ್ಲಿ ಒಂದು ಗಬ್ಬದ ಕುರಿಯಿತ್ತು, ಕೆಲವು ಮರಿಗಳಿದ್ದವು. ಅವ್ವ ಆ ಕಥೆಯನ್ನು ಬಂದುಹೋದವರಿಗೆಲ್ಲ ಹೇಳುತ್ತಿದ್ದಳು: "ಭಂಡಾರ ನನ್ನ ಮಗನ್ನ ಕಾಯ್ತು. ಇಕಿನೂ ಛಲೋನ ಮಾಡಿದ್ಲು, ಖರೆ, ಒಂದೀಟ ಕೈ ತಪ್ಪಿ ಕುರಿ ಹೋದುವು." ವೈನಿ ತಲೆ ತಗ್ಗಿಸಿ ರೊಟ್ಟಿ ಬಡಿಯುತ್ತಿದ್ದರು. ಒಂದು ದಿನ ನನಗೆ ತಡೆಯಲಾಗಲಿಲ್ಲ. ನಿಜ ಹೇಳಿಬಿಡುತ್ತೇನೆ ಎಂದು ಹಿತ್ತಿಲಲ್ಲಿ ಹಾರಾಡಿದೆ.

"ಏನಂತ ಹೇಳ್ತಿ?" ಎಂದರು ವೈನಿ. "ಮಗನ ಸಲುವಾಗಿ ಓಡಿಕೋತ ತಂದ ಭಂಡಾರ ಅದು. ಅದರಿಂದ ಕುರಿ ಸತ್ತುವು ಅಂತ ಹೇಳಿದ್ರ ಅತ್ತಿ ಇನ್ನ ಯಾವ ದೇವ್ರಿಗೆ ಕೈ ಮುಗೀಬೇಕ? ಸುಮ್ನಿರು. ನನ್ನ ಕೈ ತಡಕೊಂತೈತಿ."

ಇವತ್ತಿಗೂ ಹೇಳಿಲ್ಲ. ಅವ್ವನಿಗೆ ಓದಲು ಬರುವುದಿಲ್ಲ. ಅದಕ್ಕೇ ಇಲ್ಲಿ ಬರೆಯುವ ಧೈರ್ಯ ಮಾಡಿದ್ದೇನೆ.

ಆಮೇಲೆಯೂ ವೈನಿ ಆಡುವುದನ್ನು ಬಿಡಲಿಲ್ಲ. ಅವ್ವ ಮಾತ್ರ ಗೊಣಗುವುದನ್ನು ಬಿಟ್ಟಳು, ದಸರೆಯಲ್ಲಿ ಆ ಕರೀ ಡಬ್ಬಿಗೂ ಪೂಜೆ ಮಾಡತೊಡಗಿದಳು. ಭಂಡಾರ ತರುವಾಗ ವೈನಿ ಮೆಲ್ಲಗೆ ಅದರ ಮೇಲೊಂದು ಬಟ್ಟೆ ಹೊದಿಸುತ್ತಿದ್ದರು.

ಹೋದ ವರ್ಷ ವೈನಿಗೆ ಕಾಮಾಲೆಯಾಯಿತು. ಗಿಡಮೂಲಿಕೆ, ಪಥ್ಯ ಎಂದು ಮನೆಯಲ್ಲೇ ಹೊತ್ತು ಕಳೆದು, ಗೋಕಾಕದ ಆಸ್ಪತ್ರೆಗೆ ತರುವ ಹೊತ್ತಿಗೆ ಯಕೃತ್ತು ಕೆಟ್ಟಿತ್ತು. ಹಾಸಿಗೆಯ ಪಕ್ಕದ ಮಾನಿಟರನ್ನು ನೋಡಿ, "ಗುಂಡಿ ಹಗರ ಅದಾವ ತಂಗಿ, ಯಾರರ ಕೈ ತಾಗಿದ್ರ ಬಂದಾಗ್ತೈತಿ" ಎಂದು ಕುಂದು ಹೇಳಿದರು. ಅಣ್ಣ ಕುರಿಗಳನ್ನು ಬೇರೆಯವರಿಗೆ ಒಪ್ಪಿಸಿ ಬಂದ. ತಾನಾಗಿಯೇ ಕುರಿ ಬಿಟ್ಟು ಬಂದದ್ದು ಜನ್ಮದಲ್ಲಿ ಅದೇ ಮೊದಲು. ಮಂಚದ ಪಕ್ಕದ ಸ್ಟೂಲಿನಿಂದ ಏಳದೆ, ಮಾನಿಟರಿನ ಗೆರೆಯನ್ನೇ ನೋಡುತ್ತ ಕೂತುಬಿಟ್ಟ. ಆ ಗೆರೆಯಲ್ಲಿ ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಅವನಿಗೆ ತಿಳಿಯುತ್ತಿರಲಿಲ್ಲ. ಪ್ರತಿ ಸದ್ದಿಗೂ ನನ್ನ ಮುಖ ನೋಡುತ್ತಿದ್ದ. ನನಗೆ ತಿಳಿಯುತ್ತಿತ್ತು, ಹೇಳಲಿಲ್ಲ. ಒಂದು ಮಧ್ಯಾಹ್ನ, ನಾವಿಬ್ಬರೂ ಪಕ್ಕದಲ್ಲಿದ್ದಾಗಲೇ ವೈನಿ ಹೋದರು.

ಮಣ್ಣು ಮಾಡಿ ಬಂದ ಮೇಲೆ ಅಣ್ಣ ಜಗಲಿಯಲ್ಲಿ ಕೂತಿದ್ದ. ನಾನು ಚಹಾ ಒಯ್ದು ಕೊಟ್ಟೆ. ಅವನು ಬಟ್ಟಲನ್ನು ಹಿಡಿದ, ಕುಡಿಯಲಿಲ್ಲ.

"ನಡುವ ಅಷ್ಟ ದೊಡ್ಡ ಹೊಳಿ ಇತ್ತು," ಎಂದ. "ಆದ್ರೂ ಅಕಿ ನನ್ನ ದಾಟಿಸಿದ್ಲು. ನಾ ಬಾಜೂಕ ಕುಂತಿದ್ನೆಲ್ಲ ತಂಗಿ, ಮಗ್ಗಲದಾಗ. ನನ್ನ ಕಡಿಂದ ಏನೂ ಆಗ್ಲಿಲ್ಲ."